ವಿಶೇಷ ಮಗುವಿರುವ ಮನೆಗೆ ದುಡ್ಡು ಕೊಡುವುದಾ, ಸಮಯ ಕೊಡುವುದಾ, ಓಡಾಡುವುದಾ? ಮುಂಬಯಿಯ ನಮ್ಮವರಿಗೊಂದು ಹೋಲಿಕೆ

"ತಂಗಿಯ ಮಗನಿಗೆ ಆಟಿಸಂ ಅಂತ ಡಾಕ್ಟರ್ ಹೇಳಿದ್ದಾರೆ. ನಾವಿರುವುದು ಡೊಂಬಿವಲಿಯಲ್ಲಿ, ಅವರು ಮೀರಾ ರೋಡಿನಲ್ಲಿ. ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಡೋಣವಾ? ಭಾನುವಾರ ಹೋಗಿ ಮಗುವನ್ನು ನೋಡಿಕೊಳ್ಳೋಣವಾ? ಅಮ್ಮನನ್ನು ಊರಿಂದ ಕರೆಸಿ ಅವರ ಮನೆಯಲ್ಲಿ ಬಿಡೋಣವಾ?"

ಮುಂಬಯಿಯ ಕನ್ನಡದವರಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಕೇಳುವವರಿಗೆ ಮನಸ್ಸಿದೆ, ಯಾವುದನ್ನು ಹಿಡಿಯಬೇಕು ಎಂದು ತೋಚುವುದಿಲ್ಲ. ಕೊನೆಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಶುರು ಮಾಡುತ್ತಾರೆ, ಗಣಪತಿ ಹಬ್ಬ ಮುಗಿಯುವ ಹೊತ್ತಿಗೆ ಎಲ್ಲವೂ ನಿಂತಿರುತ್ತದೆ. ನನ್ನ ಸಲಹೆ ಇಷ್ಟೇ: ನಿಮ್ಮಿಂದ ವರ್ಷಗಟ್ಟಲೆ ಆಗುವ ಒಂದನ್ನು ಆರಿಸಿ, ಅದನ್ನು ಬಿಡಬೇಡಿ. ಆ ಒಂದು ಯಾವುದು ಎಂದು ನೋಡೋಣ.

ಮೊದಲು ಯಾವುದನ್ನು ನೋಡಬೇಕು

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲು ಆಡಿಸಲು ತೊಡಕು) ಇರುವ ಮಗುವನ್ನು ಎತ್ತಿ ಇಳಿಸಲು ತೋಳಿನಲ್ಲಿ ಬಲ ಬೇಕು. ಆಟಿಸಂ ಇರುವ ಮಗುವಿಗೆ ನಿಮ್ಮ ಬಲಕ್ಕಿಂತ ನಿಮ್ಮ ತಾಳ್ಮೆ ಬೇಕು. ಓದು ಬರಹದಲ್ಲಿ ಮಾತ್ರ ತೊಡಕಿರುವ ಮಗುವಿನ ಮನೆಗೆ ಇವೆರಡೂ ಬೇಡ, ಸರ್ಟಿಫಿಕೇಟಿಗೆ ಓಡಾಡುವವರು ಬೇಕು. ಅಗತ್ಯ ಬೇರೆ ಬೇರೆಯಾದರೂ ಯಾವ ನೆರವನ್ನಾದರೂ ನಾಲ್ಕು ಪ್ರಶ್ನೆಗಳಿಂದ ಅಳೆಯಬಹುದು.

ಮಗುವನ್ನು ದಿನವಿಡೀ ನೋಡಿಕೊಳ್ಳುವವರ ಕೆಲಸ ಇದರಿಂದ ಕಮ್ಮಿಯಾಗುತ್ತದಾ? ಹೆಚ್ಚಿನ ಮನೆಗಳಲ್ಲಿ ಅದು ತಾಯಿಯೇ. ನೀವು ಬಂದಾಗ ಆಕೆ ಚಹಾ, ತಿಂಡಿ ಎಂದು ಅಡುಗೆಮನೆಯಲ್ಲಿ ನಿಲ್ಲಬೇಕಾದರೆ ಅದು ನೆರವಾಗಲಿಲ್ಲ. ಎರಡನೆಯದು, ಎಷ್ಟು ಕಾಲ ನಡೆಸಬಲ್ಲಿರಿ? ಥೆರಪಿ ಒಂದು ಮಳೆಗಾಲದಲ್ಲಿ ಮುಗಿಯುವುದಲ್ಲ. ಮೂರನೆಯದು, ಮಗುವಿಗೆ ಒಗ್ಗುತ್ತದಾ? ದಿನಚರಿ ತಪ್ಪಿದರೆ ಎಷ್ಟೋ ಮಕ್ಕಳು ಕಂಗಾಲಾಗುತ್ತಾರೆ. ನಾಲ್ಕನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ: ತೀರ್ಮಾನ ಯಾರ ಕೈಯಲ್ಲಿ ಉಳಿಯುತ್ತದೆ? ದುಡ್ಡು ಕೊಟ್ಟ ಭಾವ, ಊರಿಂದ ಬಂದ ಅತ್ತೆ, ಸಂಘದ ಅಧ್ಯಕ್ಷರು ಎಲ್ಲರೂ ಚಿಕಿತ್ಸೆ ನಿರ್ಧರಿಸಲು ಕೂತರೆ ಅಪ್ಪ ಅಮ್ಮ ತಮ್ಮ ಮನೆಯಲ್ಲೇ ಹೊರಗಿನವರಾಗುತ್ತಾರೆ.

ದುಡ್ಡು

ದೂರ ಇರುವವರಿಗೆ, ಕೆಲಸದಲ್ಲಿ ಪುರುಸೊತ್ತಿಲ್ಲದವರಿಗೆ ಇದೇ ಸುಲಭ. ದುಡ್ಡಿನ ಅಗತ್ಯವೂ ನಿಜ. ಖಾಸಗಿ ಸೆಂಟರ್‌ಗಳಲ್ಲಿ ಒಂದು ಸೆಷನ್‌ಗೆ ಸಾವಿರ ರೂಪಾಯಿಯ ಆಸುಪಾಸು ಸಾಮಾನ್ಯ. ಸ್ಪೀಚ್, ಆಕ್ಯುಪೇಷನಲ್ ಥೆರಪಿ, ಫಿಸಿಯೋ ಎಂದು ವಾರಕ್ಕೆ ನಾಲ್ಕೈದು ಸೆಷನ್ ಆದರೆ ತಿಂಗಳ ಲೆಕ್ಕ ನೀವೇ ಹಾಕಿ. ಇನ್ನು ಓಡಾಟ. ಬಾಂದ್ರಾ, ಸಯನ್ ದಾಟಿದರೆ ರಿಕ್ಷಾ ಇಲ್ಲ, ಟ್ಯಾಕ್ಸಿಯೇ ಆಗಬೇಕು. ನಡೆಯಲಾಗದ ಮಗುವನ್ನು ಎತ್ತಿಕೊಂಡು ಬೆಳಗಿನ ಲೋಕಲ್ ಹತ್ತುವುದು ಅಷ್ಟು ಸುಲಭವಲ್ಲ. ದಿವ್ಯಾಂಗರ ಡಬ್ಬಿ ಇದೆ ನಿಜ. ಆದರೆ ಗರ್ದಿಯ ಹೊತ್ತಿನಲ್ಲಿ ಅಲ್ಲಿಗೂ ಎಲ್ಲರೂ ನುಗ್ಗುತ್ತಾರೆ.

ಒಮ್ಮೆಗೇ ದೊಡ್ಡ ಮೊತ್ತ ಕೊಡುವುದಕ್ಕಿಂತ ತಿಂಗಳು ತಿಂಗಳು ಸಣ್ಣ ಮೊತ್ತ ಮೇಲು. ಯಾವುದಕ್ಕೆ ಎಂದು ಮೊದಲೇ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು. ತಿಂಗಳಿಗೆ ಸಾವಿರ ಎರಡು ಸಾವಿರ ಸಾಧ್ಯವಿದ್ದರೆ ರಿಕ್ಷಾ ಟ್ಯಾಕ್ಸಿ ಖರ್ಚು ವಹಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಸಾಧ್ಯವಿದ್ದರೆ ಇನ್ನೊಂದು ಥೆರಪಿಗೆ ಕೊಡುವ ಮೊದಲು ಕೆಲಸದ ಬಾಯಿಯ (ಮನೆಗೆಲಸದಾಕೆಯ) ಸಂಬಳ ಕೊಡಬಹುದಾ ಎಂದು ಕೇಳಿ. ಪಾತ್ರೆ, ಬಟ್ಟೆ, ಕಸ ಬೇರೆಯವರ ಪಾಲಾದರೆ ತಾಯಿಗೆ ದಿನಕ್ಕೆ ಎರಡು ಗಂಟೆ ಸಿಗುತ್ತದೆ. ಆ ಎರಡು ಗಂಟೆಯಲ್ಲಿ ಥೆರಪಿಸ್ಟ್ ಹೇಳಿಕೊಟ್ಟದ್ದನ್ನು ಮಗುವಿನ ಜತೆ ಆಡುತ್ತಾ ಮಾಡಿಸಬಹುದು, ಇಲ್ಲವೇ ಸುಮ್ನೆ ಮಲಗಬಹುದು. ನನ್ನ ಮಟ್ಟಿಗೆ ವಾರದ ಆರನೇ ಸೆಷನ್‌ಗಿಂತ ಇದರ ಬೆಲೆ ಜಾಸ್ತಿ.

ಮಗುವಿನ ಹೆಸರಲ್ಲಿ ಎಫ್‌ಡಿ ಇಡುವುದು ನಮ್ಮವರಿಗೆ ಪ್ರೀತಿಯ ದಾರಿ. ಇಡುವ ಮೊದಲು ಒಂದು ವಿಷಯ ತಿಳಿದಿರಲಿ. ಮಗುವಿಗೆ 18 ತುಂಬಿದ ಮೇಲೆ ಅಪ್ಪ ಅಮ್ಮ ತಾವಾಗಿಯೇ ಕಾನೂನಿನ ಪೋಷಕರಾಗಿ ಉಳಿಯುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ವೈಕಲ್ಯ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಸಮಿತಿಯಿಂದ ಗಾರ್ಡಿಯನ್‌ಶಿಪ್ ಪಡೆಯಬಹುದು. ಆ ಕಾಗದ ಇಲ್ಲದೆ ಬ್ಯಾಂಕಿನಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ. ಈಗಿನ ಖರ್ಚಿಗೆ ಕಷ್ಟಪಡುತ್ತಿರುವ ಮನೆಗೆ ಇಪ್ಪತ್ತು ವರ್ಷದ ಎಫ್‌ಡಿ ಕೊಡುವ ಮೊದಲು ತಂದೆ ತಾಯಿಯನ್ನೇ ಕೇಳಿ.

ದುಡ್ಡಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ, ಇದನ್ನು ಒತ್ತಿ ಹೇಳುತ್ತೇನೆ. "ಸ್ಟೆಮ್‌ಸೆಲ್ ಮಾಡಿಸಿದರೆ ಮಗು ಸರಿಯಾಗುತ್ತದಂತೆ" ಎಂದು ಬಂಧುಗಳೆಲ್ಲ ಸೇರಿ ಲಕ್ಷಗಟ್ಟಲೆ ಕೂಡಿಸುವುದಿದೆ. ಆಟಿಸಂಗೆ ಸ್ಟೆಮ್‌ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡುವುದಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರಲ್ಲೇ ಸ್ಪಷ್ಟವಾಗಿ ಹೇಳಿದೆ. ಆ ದುಡ್ಡಿನಲ್ಲಿ ಎಷ್ಟು ವರ್ಷ ಕೆಲಸದ ಬಾಯಿ ಇಡಬಹುದು, ಯೋಚಿಸಿ.

ಸಮಯ

ವಾರಕ್ಕೆ ಎರಡು ಮೂರು ಗಂಟೆ ಮಗುವಿನ ಜತೆ ನೀವಿದ್ದು, ತಾಯಿ ಹೊರಗೆ ಹೋಗುವಂತಾಗುವುದು. ನಾಲ್ಕು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಇದರಷ್ಟು ಚೆನ್ನಾಗಿ ಉತ್ತರ ಕೊಡುವ ನೆರವು ಬೇರೆ ಇಲ್ಲ. ಎಲ್ಲಕ್ಕಿಂತ ಕಷ್ಟದ್ದೂ ಇದೇ, ಏಕೆಂದರೆ ಕಲಿಯದೆ ಮಾಡಲಾಗದು.

ಶುರುವಿನ ಕೆಲವು ವಾರ ತಾಯಿ ಮನೆಯಲ್ಲೇ ಇರಲಿ, ನೀವು ಪಕ್ಕದಲ್ಲಿ ಕೂತು ನೋಡಿ. ಮಾತು ಬಾರದ ಹುಡುಗ ನೀರು ಬೇಕಾದಾಗ ನಿಮ್ಮ ಮಣಿಕಟ್ಟು ಹಿಡಿದು ಬಾಟಲಿಯ ಹತ್ತಿರ ಒಯ್ಯಬಹುದು. ಮೊಸರನ್ನ ತಿನ್ನುತ್ತಾನೆ, ಆದರೆ ಅದರಲ್ಲಿ ಸಾಸಿವೆ ಕಂಡರೆ ತಟ್ಟೆಯನ್ನೇ ದೂಡಬಹುದು. ಮಿಕ್ಸರ್ ಹಾಕುವ ಮೊದಲು "ಈಗ ಸದ್ದು ಬರುತ್ತೆ" ಎಂದು ಹೇಳಿ, ಅವನು ಕಿವಿಗೆ ಕೈ ಇಟ್ಟುಕೊಂಡ ಮೇಲೆ ಸ್ವಿಚ್ ಒತ್ತಬೇಕಾಗಬಹುದು. ಇಂಥವು ತಾಯಿಯ ತಲೆಯಲ್ಲಿ ಮಾತ್ರ ಇರುತ್ತವೆ. ಅವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡರೆ ನಿಮ್ಮ ನಂತರ ಬರುವ ಚಿಕ್ಕಪ್ಪನಿಗೂ ಉಪಯೋಗ.

ಮೂರ್ಛೆ ಬರುವ ಮಗುವಾದರೆ ಕಲಿಯದೆ ಒಪ್ಪಿಕೊಳ್ಳಲೇಬೇಡಿ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಮಕ್ಕಳಿಗೆ ಮೂರ್ಛೆರೋಗವೂ ಇರುತ್ತದೆ. ಬಂದಾಗ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಹತ್ತಿರ ತಾಗುವ ವಸ್ತು ಸರಿಸಬೇಕು, ಗಡಿಯಾರ ನೋಡಬೇಕು. ಬಾಯಿಗೆ ಚಮಚ, ನೀರು ಏನೂ ಹಾಕಬಾರದು. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದು ಇವುಗಳಿಂದ ಏನೂ ಆಗುವುದಿಲ್ಲ. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೊರಡಬೇಕು. ಔಷಧಿಯ ಹೊತ್ತು, ಡಾಕ್ಟರ ನಂಬರ್ ಫ್ರಿಜ್ ಮೇಲೆ ಅಂಟಿಸಿರಲಿ.

ಹೆದರಿಕೆ ಆಗುತ್ತದೆ ಅನ್ನುವವರೂ ಇದ್ದಾರೆ, ಅದು ತಪ್ಪಲ್ಲ. ಅವರು ಮನೆಯ ಇನ್ನೊಂದು ಮಗುವನ್ನು ನೋಡಿಕೊಳ್ಳಲಿ. ಆ ಅಕ್ಕನೋ ಅಣ್ಣನೋ ಯಾವಾಗಲೂ "ಸ್ವಲ್ಪ ಹೊಂದಿಕೊಳ್ಳು" ಎಂಬ ಮಾತು ಕೇಳಿಯೇ ಬೆಳೆಯುತ್ತಿರುತ್ತಾರೆ. ರಾಣಿಬಾಗ್ ಪ್ರಾಣಿಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಪರೀಕ್ಷೆ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ಓದಲು ಜಾಗ ಕೊಡಿ. ಖರ್ಚು ಕಮ್ಮಿ, ಕಲಿಯುವುದು ಏನಿಲ್ಲ, ಆ ಮಗು ದೊಡ್ಡದಾದ ಮೇಲೂ ಮರೆಯುವುದಿಲ್ಲ.

ಸಮಯ ಕೊಡುವುದರ ತೊಡಕು ಎರಡನೇ ಪ್ರಶ್ನೆಯಲ್ಲಿದೆ. ಮಗು ನಿಮ್ಮನ್ನು ಗುರುವಾರದವರು ಎಂದು ಗುರುತಿಟ್ಟುಕೊಂಡ ಮೇಲೆ ನೀವು ಹೇಳದೆ ತಪ್ಪಿಸಿದರೆ, ಆ ಸಂಜೆಯ ಅಳುವನ್ನು ತಾಯಿ ಒಬ್ಬಳೇ ಸಹಿಸಬೇಕು. ವಾರಕ್ಕೊಮ್ಮೆ ಆಗದಿದ್ದರೆ ತಿಂಗಳಿಗೆ ಒಂದು ಎಂದು ಹೇಳಿ, ಅದನ್ನು ಉಳಿಸಿಕೊಳ್ಳಿ.

ಕಾಗದ ಪತ್ರ, ಆಸ್ಪತ್ರೆಯ ಓಡಾಟ

ದುಡ್ಡೂ ಇಲ್ಲ, ಮಗುವನ್ನು ನೋಡಿಕೊಳ್ಳುವ ಧೈರ್ಯವೂ ಇಲ್ಲ, ಆದರೆ ಅರ್ಜಿ ತುಂಬಲು ಬರುತ್ತದೆ ಅನ್ನುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬ್ಯಾಂಕಿನಿಂದ ನಿವೃತ್ತರಾದವರು, ಹೋಟೆಲಿನ ಲೆಕ್ಕ ಬರೆಯುವವರು, ಕಾಲೇಜು ಹುಡುಗರು. ಈ ಆಯ್ಕೆ ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ನಾನು ಮೊದಲು ಹೇಳುವುದು ಇದನ್ನೇ.

ಮೊದಲ ಕೆಲಸ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರಕಾರ ಕೊಡುವ ಗುರುತಿನ ಚೀಟಿ. ಅರ್ಜಿ ಆನ್‌ಲೈನ್, ತಪಾಸಣೆ ಸರಕಾರಿ ಆಸ್ಪತ್ರೆಯಲ್ಲಿ. ವೈಕಲ್ಯ ಶೇಕಡಾ 40ರಿಂದ ಮೇಲಿದ್ದರೆ ಹಳದಿ ಪಟ್ಟಿ, 80ರಿಂದ ಮೇಲೆ ನೀಲಿ. ಇಡೀ ದೇಶದಲ್ಲಿ ನಡೆಯುತ್ತದೆ, ನಾಳೆ ಊರಿಗೆ ಮರಳಿದರೂ ಬದಲಿಸಬೇಕಿಲ್ಲ. ತಪಾಸಣೆಯ ದಿನ ಇಬ್ಬರು ಹೋಗಲೇಬೇಕು. ಒಬ್ಬರು ಸಾಲಿನಲ್ಲಿ ನಿಂತರೆ ಇನ್ನೊಬ್ಬರು ಮಗುವನ್ನು ಹೊರಗೆ ಅಂಗಳದಲ್ಲಿ ತಿರುಗಾಡಿಸಬಹುದು. ನಂಬರ್ ಹತ್ತಿರ ಬಂದಾಗ ಒಂದು ಫೋನ್. ಒಬ್ಬಳೇ ತಾಯಿ ಮಗುವನ್ನು ಸೊಂಟಕ್ಕೇರಿಸಿ, ಕೈಯಲ್ಲಿ ಫೈಲ್ ಹಿಡಿದು ಗಂಟೆಗಟ್ಟಲೆ ನಿಲ್ಲುವುದನ್ನು ತಪ್ಪಿಸಲು ನಿಮ್ಮ ಅರ್ಧ ದಿನದ ರಜೆ ಸಾಕು. ಹುಟ್ಟಿದಾಗಿನ ಡಿಸ್ಚಾರ್ಜ್ ಕಾರ್ಡಿನಿಂದ ಹಿಡಿದು ಎಲ್ಲ ವರದಿ, ಆಧಾರ್, ಫೋಟೋ ಒಂದೇ ಫೈಲಿನಲ್ಲಿ, ಎರಡೆರಡು ಝೆರಾಕ್ಸ್ ಇರಲಿ.

ನಂತರ ನಿರಾಮಯ. ನ್ಯಾಷನಲ್ ಟ್ರಸ್ಟ್‌ನ ಈ ಆರೋಗ್ಯ ವಿಮೆ ಮೇಲೆ ಹೇಳಿದ ನಾಲ್ಕು ವೈಕಲ್ಯಗಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಕೊಡುತ್ತದೆ. ಕಂತು ಕೆಲವೇ ನೂರು ರೂಪಾಯಿ. ಆಸ್ಪತ್ರೆ ಸೇರಿದರೆ ಮಾತ್ರವಲ್ಲ, ಥೆರಪಿಗೂ ಒಂದು ಮಿತಿಯೊಳಗೆ ಸಿಗುತ್ತದೆ. ತೊಡಕೆಂದರೆ ಮೊದಲು ಕೈಯಿಂದ ಖರ್ಚು ಮಾಡಿ, ಬಿಲ್ ಕಳಿಸಿ ಆಮೇಲೆ ಪಡೆಯಬೇಕು, ವರ್ಷ ವರ್ಷ ನವೀಕರಿಸಬೇಕು. ಇಲ್ಲೇ ಎಷ್ಟೋ ಮನೆಗಳು ಸೋತು ಬಿಟ್ಟುಬಿಡುತ್ತವೆ. ಪ್ರತಿ ತಿಂಗಳು ಬಿಲ್ ಕೂಡಿಸಿ ಕಳಿಸುವ ಒಬ್ಬರಿದ್ದರೆ ತಮ್ಮ ಜೇಬಿನಿಂದ ಒಂದು ಪೈಸೆ ಕೊಡದೆಯೂ ಆ ಮನೆಗೆ ಸಾವಿರಗಟ್ಟಲೆ ರೂಪಾಯಿ ತಂದುಕೊಟ್ಟ ಹಾಗೆ.

ಆದಾಯ ತೆರಿಗೆಯಲ್ಲಿ 80ಡಿಡಿ ಎಂದು ಕರೆಯುವ ರಿಯಾಯಿತಿ ಇದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವ ತಂದೆ ಅಥವಾ ತಾಯಿಗೆ 75,000 ರೂಪಾಯಿ, ವೈಕಲ್ಯ ಶೇಕಡಾ 80 ಅಥವಾ ಅದಕ್ಕಿಂತ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಸೋದರಮಾವನೋ ಚಿಕ್ಕಮ್ಮನೋ ಕೊಟ್ಟ ದುಡ್ಡಿಗೆ ಇದು ಸಿಗದು. ಊರಿಗೆ ಹೋಗುವಾಗ ಬುದ್ಧಿಮಾಂದ್ಯ ಇರುವವರಿಗೂ ಜತೆಗಾರರಿಗೂ ರೈಲಿನ ಸ್ಲೀಪರ್, ಥರ್ಡ್ ಎಸಿ ಟಿಕೆಟಿನಲ್ಲಿ ಶೇಕಡಾ 75 ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯ ಪ್ರತ್ಯೇಕ ಕಾರ್ಡ್ ಮಾಡಿಸಿಕೊಂಡರೆ ಮತ್ಸ್ಯಗಂಧದ ಟಿಕೆಟ್ ತೆಗೆಯುವಾಗಲೆಲ್ಲ ಉಪಯೋಗಕ್ಕೆ ಬರುತ್ತದೆ.

ಕಲಿಕೆಯ ತೊಂದರೆ ಇರುವ ಮಗುವಿಗೆ ಸಯನ್, ನಾಯರ್, ಕೆಇಎಂ ಆಸ್ಪತ್ರೆಗಳಲ್ಲಿ ತಪಾಸಣೆ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆ. ಅದಿದ್ದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರು, ಇನ್ನೂ ಕೆಲವು ಸವಲತ್ತು. ಹತ್ತನೇ ತರಗತಿ ಬರುವ ತನಕ ಕಾಯಬೇಡಿ. ಶಾಲೆ ಒಗ್ಗದ ಮಕ್ಕಳಿಗೆ ಎನ್‌ಐಒಎಸ್ ಎಂಬ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಐದು ವಿಷಯ ಸಾಕು, ಒಂದೊಂದಾಗಿ ಬರೆಯಬಹುದು, ಅದರಲ್ಲಿ ಕನ್ನಡವನ್ನೂ ಭಾಷೆಯಾಗಿ ತೆಗೆದುಕೊಳ್ಳಬಹುದು.

ಎಲ್ಲಿ ಹೋಗಬೇಕು ಎಂದು ವಿಚಾರಿಸಿ ಕೊಡುವುದೂ ಓಡಾಟದ ಭಾಗವೇ. ಬುದ್ಧಿಮಾಂದ್ಯ ಇರುವ ಮಕ್ಕಳಿಗೆ ಶಿವಡಿಯ ಜೈ ವಕೀಲ್ ಸಂಸ್ಥೆ 1944ರಿಂದ ಇದೆ. ಸೆರೆಬ್ರಲ್ ಪಾಲ್ಸಿಗೆ 1972ರಲ್ಲಿ ಶುರುವಾದ ಸ್ಪಾಸ್ಟಿಕ್ಸ್ ಸೊಸೈಟಿ ಈಗ ಅಡಾಪ್ಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಕಿವಿ, ಮಾತಿಗೆ ಬಾಂದ್ರಾ ರಿಕ್ಲಮೇಶನ್‌ನ ಅಲಿ ಯಾವರ್ ಜಂಗ್ ಸಂಸ್ಥೆ, ಕೈಕಾಲಿನ ತೊಂದರೆಗೆ ಹಾಜಿ ಅಲಿಯ ಕೇಂದ್ರ ಸರಕಾರದ ಪುನರ್ವಸತಿ ಸಂಸ್ಥೆ. ಬೆಳವಣಿಗೆಯ ತೊಂದರೆಗಳಿಗೆ ಉಮ್ಮೀದ್ ಎಂಬ ಸಂಸ್ಥೆ ಇದೆ, ಅಲ್ಲಿ ತಂದೆ ತಾಯಿಗೂ ತರಬೇತಿ ಕೊಡುತ್ತಾರೆ. ಫೋನ್ ಮಾಡಿ ದಿನ, ಶುಲ್ಕ, ಕಾಯುವ ಪಟ್ಟಿ ಕೇಳಿ ಬರೆದು ಕೊಡಿ. ಯಾವುದು ಎಂದು ನೀವು ಆರಿಸಬೇಡಿ, ಅದು ಅವರ ಕೆಲಸ.

ಅಜ್ಜಿ ಬರುವುದಾ, ಮಗು ಊರಿಗೆ ಹೋಗುವುದಾ

ಅಜ್ಜಿ ಬಂದರೆ ಮನೆಗೆ ಇನ್ನೊಂದು ಜೊತೆ ಕೈ. ಆದರೆ ಒಂದು ರೂಮು ಅಡುಗೆಮನೆಯ ಜಾಗ, ಲಿಫ್ಟ್ ಇಲ್ಲದ ನಾಲ್ಕನೇ ಮಾಳಿಗೆ, ಮಂಡಿನೋವಿನ ಅಜ್ಜಿ. ಇದನ್ನೆಲ್ಲ ಲೆಕ್ಕ ಹಾಕದೆ ಕರೆಸಿದರೆ ತಾಯಿ ಇಬ್ಬರನ್ನು ನೋಡಿಕೊಳ್ಳಬೇಕಾಗುತ್ತದೆ. "ನಮ್ಮ ವಂಶದಲ್ಲಿ ಇಂಥದ್ದು ಇರಲಿಲ್ಲ" ಎಂಬ ಒಂದು ಮಾತು ಸೊಸೆಯ ಕಿವಿಗೆ ಬಿದ್ದರೆ ಮಾಡಿದ ಉಪಕಾರವೆಲ್ಲ ಹೋಯಿತು. ಬಂದ ವಾರದಲ್ಲೇ ಅಜ್ಜಿಯನ್ನು ಥೆರಪಿ ಕೋಣೆಗೆ ಕರೆದುಕೊಂಡು ಹೋಗಿ ಕೂರಿಸಿ. ಮಗು ಹಟ ಮಾಡುತ್ತಿಲ್ಲ, ಅದಕ್ಕೆ ನಿಜವಾಗಿಯೂ ಕಷ್ಟವಾಗುತ್ತಿದೆ ಎಂದು ಥೆರಪಿಸ್ಟ್ ಬಾಯಲ್ಲಿ ಕೇಳಿದರೆ ಹಿರಿಯರು ಬೇಗ ಒಪ್ಪುತ್ತಾರೆ.

ಅಜ್ಜಿಯಿಂದ ಸಿಗುವ ದೊಡ್ಡ ಲಾಭ ಭಾಷೆ. "ಹೊರಗೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್, ಮನೆಯಲ್ಲಿ ತುಳು ಕನ್ನಡ ಬೇಡ, ಮಗುವಿಗೆ ಗೊಂದಲ" ಎಂದು ಮನೆಮಾತನ್ನೇ ನಿಲ್ಲಿಸುವ ಮನೆಗಳಿವೆ. ಎರಡು ಭಾಷೆ ಕೇಳಿದ್ದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದನ್ನು ಸಂಶೋಧನೆಗಳು ಒಪ್ಪುವುದಿಲ್ಲ. ಅಜ್ಜಿ ತನಗೆ ಸರಾಗವಾದ ಮಾತಿನಲ್ಲೇ ಹಾಡಲಿ, ಉಣ್ಣಿಸಲಿ.

ಮಗುವನ್ನೇ ಊರಿಗೆ ಕಳಿಸುವುದು ಬೇರೆ ವಿಷಯ. ಅಂಗಳ ಇದೆ, ಜನ ಇದ್ದಾರೆ, ಖರ್ಚು ಕಮ್ಮಿ. ರಜೆಯಲ್ಲಿ ತಾಯಿ ಮಗು ಇಬ್ಬರೂ ಹೋಗಿ ಬರಲಿ, ದಾರಿಯಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲೋ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೋ ಒಮ್ಮೆ ತೋರಿಸಿಕೊಂಡು ಬರಬೇಕೆಂದರೆ ಅದೂ ಒಳ್ಳೆಯದೇ. ಆದರೆ ಅಪ್ಪ ಅಮ್ಮ ಇಲ್ಲಿ, ಮಗು ಅಲ್ಲಿ ಎಂಬ ಏರ್ಪಾಟನ್ನು ನಾನು ಒಪ್ಪುವುದಿಲ್ಲ. ಥೆರಪಿಯ ಕೊಂಡಿ ತಪ್ಪುತ್ತದೆ, ಮಗುವಿನ ಭಾಷೆ ಅರಿತ ಒಬ್ಬಳೇ ಒಬ್ಬಳು ದೂರ ಉಳಿಯುತ್ತಾಳೆ. ತಂದೆ ತಾಯಿಯೇ ಬೇರೆ ದಾರಿಯಿಲ್ಲದೆ ಅದನ್ನು ಆರಿಸಿಕೊಂಡರೆ ಮಾತ್ರ ಜತೆ ನಿಲ್ಲಿ, ನೀವಾಗಿ ಸೂಚಿಸಬೇಡಿ.

ಸಂಘ, ಸಮಾರಂಭ

ಸಂಘದ ವಾರ್ಷಿಕೋತ್ಸವದಲ್ಲಿ ವೇದಿಕೆಗೆ ಕರೆದು ಚೆಕ್ ಕೊಡುವುದರಿಂದ ದುಡ್ಡು ಸಿಗುತ್ತದೆ, ಫೋಟೋದಲ್ಲಿ ಮಗು ಕಾಣುತ್ತದೆ. ಫೋಟೋ ಬೇಡ ಅನ್ನುವ ಧೈರ್ಯ ಆ ತಂದೆ ತಾಯಿಗೆ ಇರುವುದಿಲ್ಲ. ದಯವಿಟ್ಟು ಬ್ಯಾಂಕ್ ಖಾತೆಗೆ ಹಾಕಿ. ಸಂಘದಿಂದ ಆಗಬಹುದಾದ ಇನ್ನೊಂದಿದೆ: ಆ ಮನೆಯವರು ಸಮಾರಂಭಕ್ಕೆ ಬರುವಂತೆ ಮಾಡುವುದು. ಚೆಂಡೆಯ ಸದ್ದಿಗೆ ಬೆಚ್ಚುವ ಮಗುವಿಗೆ ಸ್ಪೀಕರಿನಿಂದ ದೂರ, ಬಾಗಿಲ ಹತ್ತಿರ ಕುರ್ಚಿ ಇಡಿ. ಮದುವೆಯಲ್ಲಿ ಮೊದಲ ಪಂಕ್ತಿಯಲ್ಲೇ ಊಟಕ್ಕೆ ಕೂರಿಸಿ. ಒಂದು ಖಾಲಿ ಕೋಣೆಯ ಬೀಗದ ಕೈ ತಂದೆಯ ಕೈಗೆ ಕೊಡಿ.

ಹಾಗಾದರೆ ನೀವು ಯಾವುದನ್ನು ಆರಿಸಬೇಕು

ಗಲ್ಫಿನಲ್ಲೋ ಊರಿನಲ್ಲೋ ಇದ್ದೀರಿ, ದುಡ್ಡಿದೆ: ತಿಂಗಳ ಮೊತ್ತ, ಕೆಲಸದ ಬಾಯಿಗೆ ಇಲ್ಲವೇ ಟ್ಯಾಕ್ಸಿಗೆ. ಅದೇ ಬಿಲ್ಡಿಂಗಿನಲ್ಲಿದ್ದೀರಿ, ದುಡ್ಡು ಕಷ್ಟ: ಸಮಯ, ಅದೂ ಗೊತ್ತಾದ ದಿನ, ಗೊತ್ತಾದ ಹೊತ್ತು. ಮುಂಬಯಿಯಲ್ಲೇ ಇದ್ದೀರಿ ಆದರೆ ಹೋಗಿ ಬರಲು ಮೂರು ಗಂಟೆ ಬೇಕು: ಕಾಗದ ಪತ್ರ, ಅದರ ಮುಕ್ಕಾಲು ಪಾಲು ಫೋನಿನಲ್ಲೇ ಆಗುತ್ತದೆ. ಮಗುವಿಗೆ ಈಗಷ್ಟೇ ಗೊತ್ತಾಗಿದೆ, ಮನೆಯವರು ದಿಕ್ಕು ತೋಚದೆ ಇದ್ದಾರೆ ಎಂದರೆ ಮೊದಲ ತಿಂಗಳು ಯಾವ ಸಲಹೆಯೂ ಬೇಡ, ಅಡುಗೆ ಮಾಡಿ ಡಬ್ಬಿ ಕಳಿಸಿ. ಮಗು ಹದಿನಾರು ಹದಿನೇಳಕ್ಕೆ ಬಂದಿದ್ದರೆ ಗಾರ್ಡಿಯನ್‌ಶಿಪ್ ಕಾಗದದ ಮಾತು ಎತ್ತಲು ಇದೇ ಸಮಯ.

ಆರಿಸಿದ ಮೇಲೆ ಕೇಳುವ ರೀತಿ ಮುಖ್ಯ. "ಏನಾದರೂ ಬೇಕಾದರೆ ಹೇಳು" ಅಂದರೆ ಯಾರೂ ಹೇಳುವುದಿಲ್ಲ. "ಗುರುವಾರ ನಾಲ್ಕರಿಂದ ಆರರವರೆಗೆ ನಾನು ಬಂದು ಇರಬಲ್ಲೆ, ಇಲ್ಲವೇ ಸೆಂಟರಿಗೆ ಹೋಗಿ ಬರುವ ಟ್ಯಾಕ್ಸಿ ಖರ್ಚು ನನ್ನದು, ನಿನಗೆ ಯಾವುದು ಅನುಕೂಲ?" ಎಂದು ಕೇಳಿ. ಬೇಡ ಅಂದರೆ ಬೇಸರ ಬೇಡ, ಮುಂದಿನ ತಿಂಗಳು ಇನ್ನೊಮ್ಮೆ ಕೇಳಿ. ಒಪ್ಪಿದರೆ ಮೂರು ತಿಂಗಳಾದ ಮೇಲೆ ಇದು ಸಾಗುತ್ತಿದೆಯಾ, ಬದಲಿಸಬೇಕಾ ಎಂದು ಇಬ್ಬರೂ ಕೂತು ಮಾತಾಡಿ. ನಿಮ್ಮಿಂದ ನಿಲ್ಲಿಸಬೇಕಾಗಿ ಬಂದರೆ ಒಂದು ತಿಂಗಳು ಮೊದಲೇ ತಿಳಿಸಿ, ಬೇರೆಯವರನ್ನು ಹುಡುಕಲು ಅವರಿಗೆ ಸಮಯ ಸಿಗಲಿ.